ಶಿವನಸಮುದ್ರದ ಕರೆಂಟು, ಕೋಲಾರದ ಚಿನ್ನ: ಕಥೆ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಕೋಲಾರದ ಚಿನ್ನದ ಗಣಿಗೂ ಮಂಡ್ಯ ಜಿಲ್ಲೆಗೂ ಏನು ಸಂಬಂಧ ಅಂತ ಕೇಳಿದರೆ ಮಳವಳ್ಳಿಯಲ್ಲೇ ಎಷ್ಟೋ ಜನ ಮುಖ ಮುಖ ನೋಡುತ್ತಾರೆ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿದ್ದೇ ಆ ಗಣಿಗಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. ಸುಮಾರು 147 ಕಿಲೋಮೀಟರ್ ತಂತಿ ಎಳೆದು, ಅಲ್ಲಿವರೆಗೆ ಉಗಿ ಯಂತ್ರಗಳಿಂದ ನಡೆಯುತ್ತಿದ್ದ ಗಣಿಗೆ ಕಾವೇರಿಯ ಶಕ್ತಿ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ!

ಈ ಮಾತು ಈಗ ಯಾಕೆ ಅಂದರೆ, ಹೋದ ಸಲ ಮಗಳ ಮನೆಗೆ ಬ್ರಿಟನ್ನಿಗೆ ಹೋಗಿದ್ದಾಗ ವೇಲ್ಸ್‌ನ ಬಿಗ್ ಪಿಟ್ ಅನ್ನುವ ಹಳೆಯ ಕಲ್ಲಿದ್ದಲು ಗಣಿ ನೋಡಿದೆವು. ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಬೇರೆಲ್ಲೂ ಹೋಗುವ ಹಾಗಿರಲಿಲ್ಲ, ಅದಕ್ಕೇ ಅಲ್ಲಿಗೆ ಹೋಗಿದ್ದು. ಗಣಿ 1980ರಲ್ಲಿ ಮುಚ್ಚಿತು, 1983ಕ್ಕೆಲ್ಲ ಮ್ಯೂಸಿಯಂ ಆಗಿ ತೆರೆಯಿತು. ತಲೆಗೆ ಹೆಲ್ಮೆಟ್, ಹಣೆಗೆ ದೀಪ ಕಟ್ಟಿ, ಹಳೆಯ ಲಿಫ್ಟಿನಲ್ಲಿ ಸುಮಾರು 90 ಮೀಟರ್ ಕೆಳಗೆ ಇಳಿಸುತ್ತಾರೆ. ಮೊಬೈಲ್, ವಾಚು, ಕಡ್ಡಿಪೆಟ್ಟಿಗೆ ಎಲ್ಲ ಮೇಲೆಯೇ ಬಿಡಬೇಕು, ಒಳಗೆ ಹೊತ್ತಿಕೊಳ್ಳುವ ಮೀಥೇನ್ ಅನಿಲ ಇದ್ದರೆ ಒಂದು ಕಿಡಿಯೂ ಅಪಾಯ.

ನಮ್ಮನ್ನು ಕರೆದೊಯ್ದವರು ಗಣಿಯಲ್ಲಿ ದುಡಿದಿದ್ದ ಹಿರಿಯರು. ಬಾಯಿಪಾಠ ಒಪ್ಪಿಸಲಿಲ್ಲ. ಹಿಂದೆ ಗಣಿಯೊಳಗೆ ಕಲ್ಲಿದ್ದಲು ಬಂಡಿ ಎಳೆಯುತ್ತಿದ್ದ ಕುದುರೆಗಳ ಲಾಯ ತೋರಿಸಿದರು, ಒಂದೊಂದು ಕುದುರೆಯ ಹೆಸರೂ ಅದರ ಜಾಗದಲ್ಲಿ ಇನ್ನೂ ಇದೆ. ಆಮೇಲೆ ಎಲ್ಲರ ದೀಪ ಆರಿಸಲು ಹೇಳಿದರು. ಕೈ ಕಣ್ಣಿಗೆ ತಾಗಿಸಿಕೊಂಡರೂ ಕಾಣದಂಥ ಕತ್ತಲು. ಹಿಂದೆ ಚಿಕ್ಕ ಮಕ್ಕಳನ್ನು ಇಂಥ ಕತ್ತಲಲ್ಲಿ ಬಾಗಿಲು ಕಾಯಲು ಕೂರಿಸುತ್ತಿದ್ದರಂತೆ, ಹತ್ತು ವರ್ಷದೊಳಗಿನ ಹುಡುಗರನ್ನೂ ಹೆಂಗಸರನ್ನೂ ಕೆಳಗೆ ಇಳಿಸಬಾರದು ಅಂತ ಕಾನೂನು ಬಂದಿದ್ದು 1842ರಲ್ಲಿ. ನನ್ನ ಮೊಮ್ಮಗನಿಗೆ ಒಂಬತ್ತು. ಅವನು ಬಾಯಿ ಬಿಡಲಿಲ್ಲ.

ಅವರದ್ದು 90 ಮೀಟರ್. ನಮ್ಮ ಕೋಲಾರದವರು ಇಳಿದಿದ್ದು ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ. ಅಲ್ಲಿ ಬಂಡೆ ಸುಡುತ್ತಿತ್ತು, ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ದೂಳು ಶ್ವಾಸಕೋಶ ತಿನ್ನುತ್ತಿತ್ತು. ಹೇಳಲು ನಮ್ಮಲ್ಲಿ ಕಥೆಗೇನು ಕಡಿಮೆ ಅಲ್ವಾ? ಗಣಿ 2001ರಲ್ಲಿ ನಿಂತಿತು, ಒಳಗೆ ನೀರು ತುಂಬಿದೆ, ಹಾಗಾಗಿ ಕೆಳಗೆ ಇಳಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಅವತ್ತು ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮ್ಯೂಸಿಯಂ ಕಟ್ಟಡ ಯಾವಾಗ ಬೇಕಾದರೂ ಕಟ್ಟಬಹುದು, ಇವರನ್ನು ಎಲ್ಲಿಂದ ತರುವುದು?

ಮಳೆಗಾಲದಲ್ಲಿ ಗಗನಚುಕ್ಕಿಗೆ ಜನಜಾತ್ರೆ. ಸುಮ್ನೆ ಫೋಟೋ ಹೊಡೆದುಕೊಂಡು, ಜೋಳ ತಿಂದು ಹೊರಡುತ್ತಾರೆ. ಅಲ್ಲೇ ಹತ್ತಿರದಲ್ಲಿ, ಮಳೆ ಬಂದರೆ ನಿಲ್ಲುವ ಹಾಗೆ ಒಂದು ದೊಡ್ಡ ಕೊಠಡಿ ಕಟ್ಟಿ, ವಿದ್ಯುತ್ ಕೇಂದ್ರದ ಹಳೆಯ ಸಾಮಾನು, ಕೋಲಾರದ ತನಕ ತಂತಿ ಹೋದ ದಾರಿಯ ನಕ್ಷೆ ಇಡಲಿ. ವಿದ್ಯುತ್ ನಿಗಮ ಮತ್ತು ಪ್ರವಾಸೋದ್ಯಮ ಇಲಾಖೆ ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ. ವಾರಕ್ಕೆರಡು ದಿನ ಗಣಿಯಲ್ಲಿ ದುಡಿದ ಒಬ್ಬರನ್ನೂ ಟರ್ಬೈನ್ ಹತ್ತಿರ ದುಡಿದು ನಿವೃತ್ತರಾದ ಒಬ್ಬರನ್ನೂ ಸಂಬಳ ಕೊಟ್ಟು ಕೂರಿಸಲಿ. ಪುಕ್ಕಟೆ ಸೇವೆ ಅಂತ ಮಾತ್ರ ಬೇಡ.

– ಓದುಗ, ಮಂಡ್ಯ