‘ಸಾವಿರ ವರ್ಷದ ನಟಿ’ ನೋಡಿದವರು ಏನಂದರು: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗಿಗೆ,

ಜಪಾನಿನ ಅನಿಮೇಷನ್ ಚಿತ್ರ ‘ಮಿಲೇನಿಯಂ ಆಕ್ಟ್ರೆಸ್’ ನೋಡಿದವರ ಅಭಿಪ್ರಾಯಗಳನ್ನು ಕೂಡಿಸಿ ಲೇಖನ ಮಾಡುತ್ತೇನೆ ಎಂದು ಬರೆದಿದ್ದೀಯ. ತುಂಬ ಖುಷಿಯಾಯಿತು. ಕೆಲಸ ಸುಲಭದ್ದಲ್ಲ. ಈ ಚಿತ್ರ ನೋಡಿ ಹೊರಬಂದ ಹತ್ತು ಜನರನ್ನು ಮಾತಾಡಿಸಿದರೆ, ಅವರು ಹತ್ತು ಬೇರೆ ಬೇರೆ ಚಿತ್ರ ನೋಡಿ ಬಂದಿದ್ದಾರೇನೋ ಅನ್ನಿಸುತ್ತದೆ. ಅದಕ್ಕೇ ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಸುತ್ತಲೇ ಬರುತ್ತದೆ: ಯಾರ ಅಭಿಪ್ರಾಯವನ್ನೂ ಅದು ನಿಂತಿರುವ ದೃಶ್ಯದಿಂದ ಬಿಡಿಸಿ ಬರೆಯಬೇಡ. ‘ಗೊಂದಲವಾಯಿತು’ ಅಂದರೆ ಎಲ್ಲಿ? ‘ಅಳು ಬಂತು’ ಅಂದರೆ ಯಾವ ಮಾತಿಗೆ? ಇಷ್ಟು ಕೇಳಿ ತಿಳಿದುಕೊಂಡರೆ ಅರ್ಧ ಲೇಖನ ಮುಗಿದ ಹಾಗೆ.

ಮೂಲ ವಿವರಗಳಲ್ಲಿ ತಪ್ಪು ನುಸುಳದಿರಲಿ. ನಿರ್ದೇಶಕ ಸತೋಶಿ ಕೊನ್ (1963–2010). ಚಿತ್ರಕಥೆ ಸದಾಯುಕಿ ಮುರಾಯಿ ಮತ್ತು ಕೊನ್ ಇಬ್ಬರದು. ತಯಾರಿಸಿದ ಸ್ಟುಡಿಯೊ ಮ್ಯಾಡ್‌ಹೌಸ್, ಸಂಗೀತ ಸುಸುಮು ಹಿರಸಾವಾ, ಅವಧಿ 87 ನಿಮಿಷ. ಬಹಳ ಜನ ಎಡವುವುದು ಇಸವಿಯಲ್ಲಿ. ಚಿತ್ರವನ್ನು ಮೊದಲು ತೋರಿಸಿದ್ದು 2001ರ ಜುಲೈನಲ್ಲಿ, ಕೆನಡಾದ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ ಚಿತ್ರೋತ್ಸವದಲ್ಲಿ. ಜಪಾನಿನ ಚಿತ್ರಮಂದಿರಗಳಿಗೆ ಬಂದದ್ದು 2002ರ ಸೆಪ್ಟೆಂಬರ್‌ನಲ್ಲಿ. ಎರಡನ್ನೂ ಬರೆ. ಹೆಸರನ್ನೂ ಒಮ್ಮೆ ಬಿಡಿಸಿ ಹೇಳು. ಜಪಾನಿಯಲ್ಲಿ ಅದು ‘ಸೆನ್ನೆನ್ ಜೊಯೂ’, ಅಂದರೆ ಸಾವಿರ ವರ್ಷದ ನಟಿ. ‘ಮಿಲೇನಿಯಂ’ ಎಂದು ಕೇಳಿದವರಿಗೆ 2000ನೇ ಇಸವಿಯ ಸಂಭ್ರಮ ನೆನಪಾಗುತ್ತದೆ, ಈ ಕಥೆಗೂ ಅದಕ್ಕೂ ಸಂಬಂಧವಿಲ್ಲ. ರಾಟೆ ತಿರುಗಿಸುವ ಮುದುಕಿಯೊಬ್ಬಳು ನಾಯಕಿಗೆ ಸಾವಿರ ವರ್ಷ ಬದುಕಿಸುವ ಚಹಾ ಕುಡಿಸಿ, ಪ್ರೀತಿಯ ಬೆಂಕಿಯಲ್ಲಿ ಬೇಯುತ್ತಲೇ ಇರು ಎಂದು ಶಪಿಸುತ್ತಾಳೆ. ಹೆಸರಿನ ‘ಸಾವಿರ’ವನ್ನು ಆ ಬಟ್ಟಲಿನ ಜೊತೆ ಇಟ್ಟು ನೋಡಬೇಕು.

ಕಥೆಯ ಸಾರಾಂಶ ಆರೇಳು ವಾಕ್ಯ ಮೀರದಿರಲಿ. ಗಿನ್‌ಎಯಿ ಎಂಬ ಹಳೆಯ ಸ್ಟುಡಿಯೊ ನೆಲಸಮವಾಗುತ್ತಿದೆ. ಅಲ್ಲಿನ ದೊಡ್ಡ ತಾರೆಯಾಗಿದ್ದ ಚಿಯೊಕೊ ಫುಜಿವಾರಾ ಮೂವತ್ತು ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಸಾಕ್ಷ್ಯಚಿತ್ರ ಮಾಡುವ ಗೆನ್ಯಾ ತಾಚಿಬಾನಾ ತನ್ನ ಕ್ಯಾಮೆರಾಮನ್ ಕ್ಯೋಜಿ ಇದಾನನ್ನು ಕರೆದುಕೊಂಡು ಅವಳ ಮನೆಗೆ ಹೋಗಿ, ಅವಳು ಎಂದೋ ಕಳೆದುಕೊಂಡಿದ್ದ ಒಂದು ಕೀಲಿಯನ್ನು ಅವಳ ಕೈಗಿಡುತ್ತಾನೆ. ಹುಡುಗಿಯಾಗಿದ್ದಾಗ, ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಒಬ್ಬ ಚಿತ್ರಕಾರನನ್ನು ಅವಳು ಬಚ್ಚಿಟ್ಟಿದ್ದಳು, ಆ ಕೀಲಿ ಅವನದು. ಅವನನ್ನು ಮತ್ತೆ ಕಾಣಬಹುದೆಂಬ ಆಸೆಯಿಂದಲೇ ನಟಿಯಾದಳು, ಬದುಕಿಡೀ ಅವನಿಗಾಗಿ ಓಡಿದಳು. ಮುಂದಿನದನ್ನು ಓದುಗರು ನೋಡಿಯೇ ತಿಳಿಯಲಿ.

ಈಗ ನಿನ್ನ ಕೆಲಸ. ಯಾರನ್ನೂ ಮಾತಾಡಿಸುವ ಮುಂಚೆ ನೀನು ಚಿತ್ರವನ್ನು ಮೂರು ಸಲ ನೋಡಿರಬೇಕು. ಮೊದಲ ಸಲ ಪೆನ್ನು ಮುಟ್ಟಬೇಡ. ಎರಡನೆಯ ಸಲ ಪುಟದಲ್ಲಿ ಮೂರು ಅಂಕಣ ಎಳೆದುಕೊ: ಸಂದರ್ಶನ ನಡೆಯುತ್ತಿರುವ ಇವತ್ತಿನ ಕೋಣೆ, ಚಿಯೊಕೊಳ ನಿಜ ಬದುಕು, ಅವಳು ನಟಿಸಿದ ಚಿತ್ರಗಳು. ಪ್ರತಿ ದೃಶ್ಯದ ಸಮಯವನ್ನು ಅದು ಸೇರಬೇಕಾದ ಅಂಕಣದಲ್ಲಿ ಬರೆಯುತ್ತ ಹೋಗು. ಒಂದಷ್ಟು ಹೊತ್ತಿನ ಮೇಲೆ ಯಾವ ಅಂಕಣಕ್ಕೆ ಹಾಕಬೇಕೆಂದು ತಿಳಿಯದೆ ಕೈ ನಿಲ್ಲುತ್ತದೆ. ನಿಂತ ಕಡೆಯಲ್ಲೆಲ್ಲ ಒಂದು ಗುರುತು ಹಾಕು, ಊಹೆಯ ಮೇಲೆ ತುಂಬಬೇಡ. ‘ಎಲ್ಲಿದ್ದೇವೆ ಅಂತಲೇ ಗೊತ್ತಾಗಲಿಲ್ಲ’ ಎಂದು ಪ್ರೇಕ್ಷಕರು ಹೇಳುವ ಜಾಗಗಳು ಬಹುಪಾಲು ಇವೇ ಆಗಿರುತ್ತವೆ. ಮೂರನೆಯ ಸಲ ಪೂರ್ತಿ ಚಿತ್ರ ಬೇಡ, ಗುರುತು ಬಿದ್ದ ಜಾಗಗಳನ್ನು ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡು.

ಒಂದು ಜಾಗವನ್ನು ನಾವಿಬ್ಬರೂ ಹತ್ತಿರದಿಂದ ನೋಡೋಣ. ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಚಿಯೊಕೊ ರೈಲು ಹತ್ತಿ ಅವನನ್ನು ಹುಡುಕಿಕೊಂಡು ಹೊರಟಿದ್ದಾಳೆ. ದರೋಡೆಕೋರರು ರೈಲಿನ ಮೇಲೆ ಬೀಳುತ್ತಾರೆ, ಬೋಗಿಗೆ ಬೆಂಕಿ ಹತ್ತುತ್ತದೆ. ಅವಳು ಬಾಗಿಲು ತೆರೆಯುತ್ತಾಳೆ. ಬಾಗಿಲಿನಾಚೆ ಉರಿಯುತ್ತಿರುವುದು ನೂರಾರು ವರ್ಷ ಹಿಂದಿನ ಕೋಟೆ, ಅವಳೀಗ ಆ ಕಾಲದ ರಾಜಕುಮಾರಿ. ಹೊಗೆ ಅದೇ, ಬೆಂಕಿ ಅದೇ, ಮುಖದ ಮೇಲಿನ ಗಾಬರಿಯೂ ಅದೇ. ಬದಲಾದದ್ದು ಕಾಲ, ಉಡುಪು. ಮಸುಕಾಗುವ ಪರದೆಯಿಲ್ಲ, ‘ಇಷ್ಟು ವರ್ಷಗಳ ಹಿಂದೆ’ ಎಂಬ ಬರಹವಿಲ್ಲ. ಉಪಶೀರ್ಷಿಕೆ ಓದುತ್ತಿದ್ದವರ ಕಣ್ಣು ಆ ಕ್ಷಣದಲ್ಲಿ ಪರದೆಯ ಕೆಳಗಿರುತ್ತದೆ, ಮೇಲೆತ್ತುವಷ್ಟರಲ್ಲಿ ಕೋಟೆ ಬಂದಿರುತ್ತದೆ. ಆದ್ದರಿಂದ ಗೊಂದಲವಾಯಿತು ಎಂದವರನ್ನು ತಪ್ಪದೆ ಕೇಳು: ಉಪಶೀರ್ಷಿಕೆ ಓದಿದಿರಾ, ಡಬ್ ಆದದ್ದನ್ನು ನೋಡಿದಿರಾ? ಇದನ್ನು ಕೇಳದೆ ‘ನಿರೂಪಣೆ ಅಸ್ಪಷ್ಟ’ ಎಂದು ಬರೆದರೆ, ಓದಿನ ವೇಗಕ್ಕೆ ಸಂಬಂಧಿಸಿದ ತೊಂದರೆಯನ್ನು ನಿರ್ದೇಶಕನ ತಲೆಗೆ ಕಟ್ಟಿದ ಹಾಗಾಗುತ್ತದೆ.

ಅದೇ ಬಾಗಿಲನ್ನು ‘ನೆನಪು ಅಂದರೆ ಹೀಗೇ ಅಲ್ಲವೇ, ಒಂದರೊಳಗಿಂದ ಇನ್ನೊಂದು’ ಎಂದು ಮೆಚ್ಚಿಕೊಳ್ಳುವವರೂ ಇರುತ್ತಾರೆ. ಅವರ ಮಾತನ್ನು ಗೊಂದಲಗೊಂಡವರ ಮಾತಿನ ಪಕ್ಕದಲ್ಲೇ ಇಡು. ಎರಡೂ ಒಂದೇ ಬಾಗಿಲಿನ ಬಗ್ಗೆ ಎಂದು ಓದುಗನಿಗೆ ಗೊತ್ತಾದರೆ ಸಾಕು, ಯಾರು ಸರಿ ಎಂದು ನೀನು ತೀರ್ಪು ಕೊಡಬೇಕಿಲ್ಲ.

ಎಷ್ಟು ಜನರನ್ನು ಕೇಳಬೇಕು ಎಂದಿದ್ದೀಯ. ಹನ್ನೆರಡು ಜನ ಸಾಕು. ಐವತ್ತು ಜನರಿಂದ ಒಂದೊಂದು ಸಾಲು ತರುವುದಕ್ಕಿಂತ ಹನ್ನೆರಡು ಜನರ ಜೊತೆ ಹತ್ತು ಹತ್ತು ನಿಮಿಷ ಕೂರುವುದು ಮೇಲು. ಚಿತ್ರ ಮುಗಿದ ಕಾಲು ಗಂಟೆಯೊಳಗೆ, ಒಬ್ಬೊಬ್ಬರನ್ನೇ ಬೇರೆ ಕರೆದು ಮಾತಾಡಿಸು. ಸಂವಾದ ಶುರುವಾದ ಮೇಲೆ ಹೋದರೆ ಕೆಲಸ ಕೆಟ್ಟಿತು. ದೊಡ್ಡ ದನಿಯವರೊಬ್ಬರು ಎದ್ದು ‘ಇದು ಜಪಾನೀ ಸಿನಿಮಾ ಇತಿಹಾಸಕ್ಕೆ ಸಲ್ಲಿಸಿದ ಗೌರವ’ ಎಂದರೆ, ಆಮೇಲೆ ನಾಲ್ಕು ಜನ ಅದನ್ನೇ ತಮ್ಮ ಮಾತಾಗಿ ಹೇಳುತ್ತಾರೆ. ಮಧ್ಯದಲ್ಲೇ ಎದ್ದು ಹೋದವರನ್ನೂ ಬಿಡಬೇಡ. ಎಲ್ಲಿ ಎದ್ದರು ಎಂಬುದೂ ಒಂದು ಅಭಿಪ್ರಾಯವೇ.

‘ಹೇಗಿತ್ತು?’ ಎಂದು ಮಾತ್ರ ಕೇಳಬೇಡ, ‘ಚೆನ್ನಾಗಿತ್ತು’ ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ಕಣ್ಣು ಮುಚ್ಚಿದರೆ ಮೊದಲು ಬರುವ ದೃಶ್ಯ ಯಾವುದು ಎಂದು ಕೇಳು. ಗೆನ್ಯಾ ನಿಮಗೆ ಬೇಕಿತ್ತೇ, ಅಡ್ಡ ಬಂದನೇ ಎಂದು ಕೇಳು. ಆಮೇಲೆ, ಇದು ಬಹಳ ಮುಖ್ಯ, ಆ ಚಿತ್ರಕಾರನ ಮುಖ ಹೇಗಿತ್ತು ಎಂದು ಕೇಳು. ಚಿತ್ರ ಅವನ ಮುಖವನ್ನು ಸ್ಪಷ್ಟವಾಗಿ ತೋರಿಸುವುದೇ ಇಲ್ಲ. ಆದರೂ ಯಾರಾದರೂ ಕಣ್ಣು, ಮೂಗು, ನಗು ಎಂದು ವರ್ಣಿಸಿದರೆ ತಿದ್ದಬೇಡ, ಅವರ ಮಾತಿನಲ್ಲೇ ಬರೆದುಕೊ. ಅವನ ಮುಖ ಮರೆತುಹೋಯಿತೆಂದು ಚಿಯೊಕೊ ಕಂಗಾಲಾಗುತ್ತಾಳೆ, ನೋಡಿದವರು ಇಲ್ಲದ ಮುಖವನ್ನು ನೆನಪಿಟ್ಟುಕೊಂಡು ಹೋಗುತ್ತಾರೆ! ಇದಕ್ಕಿಂತ ಬೆಲೆಬಾಳುವ ಸಂಗತಿ ನಿನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಇರಲಾರದು.

ಎಂಟು ದಿನ ಬಿಟ್ಟು ಅದೇ ಹನ್ನೆರಡು ಜನರಿಗೆ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳು. ಉತ್ತರ ಬದಲಾದರೆ ಎರಡನ್ನೂ ದಿನಾಂಕದ ಸಮೇತ ಇಟ್ಟುಕೊ. ಮೊದಲ ದಿನ ಕೊನೆಯ ಮಾತಿಗೆ ಸಿಟ್ಟಾದವರು ವಾರದ ಮೇಲೆ ಬೇರೆ ರೀತಿ ಮಾತಾಡಬಹುದು. ನೆನಪಿನ ಕುರಿತ ಚಿತ್ರವೊಂದು ನೋಡಿದವರ ನೆನಪಿನಲ್ಲಿ ಏನಾಗುತ್ತದೆ ಎಂಬುದು ಒಂದೇ ರಾತ್ರಿಯ ಪ್ರತಿಕ್ರಿಯೆಯಲ್ಲಿ ಸಿಗುವುದಿಲ್ಲ.

ಗೆನ್ಯಾನ ಬಗ್ಗೆ ಬರುವ ಉತ್ತರಗಳಿಗೆ ಸ್ವಲ್ಪ ಹೆಚ್ಚು ಜಾಗ ಕೊಡು. ಅವನು ಕೋಣೆಯಲ್ಲಿ ಕೂತು ಕೇಳುವವನು ಮಾತ್ರ ಅಲ್ಲ, ಅವಳ ನೆನಪಿನೊಳಗೇ ನುಗ್ಗುತ್ತಾನೆ, ಅವಳ ಚಿತ್ರಗಳಲ್ಲಿ ವೇಷ ಹಾಕಿ ಬಂದು ಅವಳನ್ನು ಕಾಪಾಡುತ್ತಾನೆ. ಕ್ಯಾಮೆರಾಮನ್ ಪಕ್ಕದಲ್ಲೇ ನಿಂತು, ಇದು ಯಾವಾಗ ಸಿನಿಮಾ ಆಯಿತು ಎನ್ನುವಂತೆ ಗೊಣಗುತ್ತಿರುತ್ತಾನೆ. ಪ್ರೇಕ್ಷಕರು ಸಾಮಾನ್ಯವಾಗಿ ಈ ಇಬ್ಬರಲ್ಲಿ ಒಬ್ಬರ ಜೊತೆ ಸೇರಿಕೊಳ್ಳುತ್ತಾರೆ. ಗೆನ್ಯಾನದು ಅತಿಯಾಯಿತು ಎನ್ನುವವರನ್ನು, ಸ್ಟುಡಿಯೊದ ಸೆಟ್ ಕುಸಿದಾಗ ಅವನು ಏನು ಮಾಡಿದ ಎಂಬುದು ನೆನಪಿದೆಯೇ ಎಂದು ಮೆಲ್ಲಗೆ ಕೇಳಿ ನೋಡು. ಚಿತ್ರಕಾರನಿಗೆ ಏನಾಯಿತು ಎಂಬುದು ಗೆನ್ಯಾನಿಗೆ ಗೊತ್ತು, ಚಿಯೊಕೊಗೆ ಗೊತ್ತಿಲ್ಲ. ಹೇಳಬೇಕಿತ್ತೇ ಬೇಡವೇ ಎಂಬುದರ ಮೇಲೆ ಜನ ಜಗಳಕ್ಕೇ ನಿಲ್ಲುತ್ತಾರೆ, ನಿಲ್ಲಲಿ ಬಿಡು.

‘ಇದು ಸೆತ್ಸುಕೊ ಹಾರಾ ಅವರ ಕಥೆ’ ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ಜಪಾನಿನ ಹೆಸರಾಂತ ನಟಿ ಹಾರಾ 1963ರ ಹೊತ್ತಿಗೆ ನಟನೆ ಬಿಟ್ಟು, 2015ರಲ್ಲಿ ತೀರಿಕೊಳ್ಳುವವರೆಗೂ ಸಾರ್ವಜನಿಕರಿಂದ ದೂರವೇ ಇದ್ದರು ಎಂಬುದು ನಿಜ. ಚಿಯೊಕೊಳಲ್ಲಿ ಅವರ ನೆರಳಿದೆ ಎಂಬುದೂ ನಿಜ. ಆದರೆ ಹಾರಾ ಮದುವೆಯಾಗಲಿಲ್ಲ, ಚಿಯೊಕೊ ನಿರ್ದೇಶಕನೊಬ್ಬನನ್ನು ಮದುವೆಯಾಗುತ್ತಾಳೆ. ಕೀಲಿ, ಚಿತ್ರಕಾರ ಇವೆಲ್ಲ ಚಿತ್ರಕಥೆಯ ಸೃಷ್ಟಿ. ‘ನೆರಳಿದೆ’ ಎಂದು ಬರೆ, ‘ಆಧಾರಿತ’ ಎಂದು ಬರೆಯಬೇಡ. ಹಾಗೆಯೇ ಹಳೆಯ ಜಪಾನೀ ಚಿತ್ರ ನೋಡಿದವರು ರಾಟೆಯ ಮುದುಕಿಯನ್ನು ಕಂಡ ಕೂಡಲೇ ನಿರ್ದೇಶಕ ಅಕಿರಾ ಕುರೊಸಾವಾ ಅವರ 1957ರ ‘ಥ್ರೋನ್ ಆಫ್ ಬ್ಲಡ್’ ನೆನಪಿಸಿಕೊಳ್ಳುತ್ತಾರೆ. ಆ ಹೋಲಿಕೆ ಗೊತ್ತಿಲ್ಲದವರಿಗೂ ಮುದುಕಿ ಭಯ ಹುಟ್ಟಿಸುತ್ತಾಳೆ. ಹೋಲಿಕೆಗೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗು, ಇಲ್ಲದಿದ್ದರೆ ನಿನ್ನ ಲೇಖನ ಹೆಸರುಗಳ ಪಟ್ಟಿಯಾಗಿಬಿಡುತ್ತದೆ.

ಭೂಕಂಪಗಳನ್ನೂ ಎಣಿಸಿಕೊಂಡಿರು. ಚಿಯೊಕೊ ಹುಟ್ಟಿದ್ದು 1923ರ ಕಾಂತೋ ಮಹಾಭೂಕಂಪದ ಹೊತ್ತಿನಲ್ಲಿ. ಸೆಟ್ ಕುಸಿದದ್ದೂ ಭೂಕಂಪಕ್ಕೆ, ಅಲ್ಲಿಗೇ ಅವಳು ನಟನೆ ಬಿಟ್ಟದ್ದು. ಸಂದರ್ಶನದ ನಡುವೆಯೂ ನೆಲ ನಡುಗುತ್ತದೆ. ‘ಸುಮ್ಮಸುಮ್ಮನೆ ಭೂಕಂಪ ತಂದಿದ್ದಾರೆ’ ಎಂಬ ದೂರು ಬಂದಾಗ ಈ ಲೆಕ್ಕ ನಿನ್ನ ಬಳಿ ಇರಬೇಕು.

ಇನ್ನು ಪದಗಳ ವಿಚಾರ. ಕನ್ನಡದಲ್ಲಿ ಬರೆಯುವವರು ತೀರಾ ಎಚ್ಚರ ವಹಿಸಬೇಕಾದದ್ದು ಇಲ್ಲಿ. ಕನಸು, ಕಲ್ಪನೆ, ಭ್ರಮೆ, ಮಾಯೆ: ನಾಲ್ಕೂ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ, ನಾಲ್ಕೂ ಬೇರೆ ಬೇರೆ ತೀರ್ಪು ಕೊಡುತ್ತವೆ. ‘ಭ್ರಮೆ’ ಎಂದರೆ ಚಿಯೊಕೊಗೆ ಮತಿ ಕೆಟ್ಟಿದೆ ಎಂದ ಹಾಗೆ. ‘ಮಾಯೆ’ ಎಂದರೆ ವೇದಾಂತ ಒಳಗೆ ಬಂತು. ‘ಕನಸು’ ಎಂದರೆ ತಪ್ಪೇ, ಅವಳು ಎಚ್ಚರವಾಗಿದ್ದು ಕಥೆ ಹೇಳುತ್ತಿದ್ದಾಳೆ. ನಿನ್ನ ಸ್ವಂತ ವಾಕ್ಯಗಳಲ್ಲಿ ‘ಕಲ್ಪನೆ’ ಇರಲಿ. ಆದರೆ ಪ್ರೇಕ್ಷಕರೊಬ್ಬರು ‘ಅವಳದ್ದೆಲ್ಲ ಭ್ರಮೆ ಬಿಡಿ’ ಎಂದರೆ ಅದನ್ನು ಹಾಗೆಯೇ ಉದ್ಧರಿಸು. ಆ ಪದ ಅವರ ಅಭಿಪ್ರಾಯ, ಅದನ್ನು ನಯಗೊಳಿಸುವ ಹಕ್ಕು ನಿನಗಿಲ್ಲ.

ಅಭಿಪ್ರಾಯಗಳು ಎಲ್ಲಕ್ಕಿಂತ ಗಟ್ಟಿಯಾಗಿ ಒಡೆಯುವುದು ಕೊನೆಯ ಮಾತಿನಲ್ಲಿ. ಅಂತರಿಕ್ಷಯಾನಿಯ ಉಡುಪಿನಲ್ಲಿ, ಮತ್ತೆ ಹರೆಯದವಳಾಗಿ, ಚಿಯೊಕೊ ರಾಕೆಟ್ಟಿನಲ್ಲಿ ಹೊರಟಿದ್ದಾಳೆ. ಆಗ ಅವಳು ಹೇಳುವ ಮಾತಿನ ಜಪಾನೀ ಕಟ್ಟು ‘ಆ ಮನುಷ್ಯನ ಹಿಂದೆ ಓಡುತ್ತಿರುವ ನಾನು ನನಗಿಷ್ಟ’ ಎಂಬಂತಿದೆ. ಇಂಗ್ಲಿಷಿನಲ್ಲಿ ಓದಿದವರಿಗೆ ಸಿಗುವುದು ‘ಅವನ ಹಿಂದೆ ಓಡುವುದೇ ನನಗಿಷ್ಟ’ ಎಂಬ ಅರ್ಥ. ವ್ಯತ್ಯಾಸ ಸಣ್ಣದಲ್ಲ. ಒಂದರಲ್ಲಿ ಅವಳು ಪ್ರೀತಿಸುವುದು ಓಟವನ್ನು, ಇನ್ನೊಂದರಲ್ಲಿ ಓಡುವ ತನ್ನನ್ನು. ‘ಹಾಗಾದರೆ ಇಷ್ಟು ಹೊತ್ತು ನಾವು ನೋಡಿದ್ದು ಸ್ವಾರ್ಥವನ್ನೇ?’ ಎಂದು ಕೆಲವರು ಕೆರಳುತ್ತಾರೆ. ‘ಸದ್ಯ, ಅವಳ ಬದುಕು ಒಬ್ಬ ಗಂಡಸಿಗಾಗಿ ಹಾಳಾಗಲಿಲ್ಲ’ ಎಂದು ಕೆಲವರಿಗೆ ನಿಟ್ಟುಸಿರು. ಯಾರು ಯಾವ ಭಾಷೆಯಲ್ಲಿ ಈ ಸಾಲನ್ನು ಓದಿದರು ಎಂಬುದನ್ನು ಅವರ ಹೆಸರಿನ ಪಕ್ಕದಲ್ಲೇ ಬರೆದುಕೊಂಡಿರು.

ನಮಗೆ ಇಲ್ಲೊಂದು ಅನುಕೂಲವಿದೆ. ‘ಓಡುತ್ತಿರುವ ನಾನು’ ಎಂದು ಕ್ರಿಯಾಪದವನ್ನು ಹೆಸರಿನ ಹಿಂದೆ ಕೂರಿಸುವುದು ಜಪಾನಿಗೆ ಹೇಗೆ ಸಹಜವೋ ಕನ್ನಡಕ್ಕೂ ಹಾಗೇ ಸಹಜ. ಇಂಗ್ಲಿಷನ್ನು ಬಳಸಿ ಬರುವ ಅಗತ್ಯವೇ ಇಲ್ಲ. ಕ್ರಿಯಾಪದವನ್ನು ಮಾತ್ರ ಅಳೆದು ಆರಿಸು. ‘ಬೆನ್ನಟ್ಟು’ ಎಂದರೆ ಬೇಟೆಯ ನೆನಪು ಬರುತ್ತದೆ, ‘ಅರಸು’ ಎಂದರೆ ವಚನದ ಛಾಯೆ ಬಂದು ಅವನು ದೇವರೇ ಆಗಿಬಿಡುತ್ತಾನೆ. ಚೆನ್ನಮಲ್ಲಿಕಾರ್ಜುನನನ್ನು ಹುಡುಕಿ ಹೊರಟ ಅಕ್ಕನ ಹೋಲಿಕೆಯನ್ನು ಯಾರಾದರೂ ತಂದರೆ ಗೌರವದಿಂದ ಬರೆದುಕೊ, ಆದರೆ ನೀನಾಗಿ ತರಬೇಡ. ಅಕ್ಕ ತನ್ನನ್ನೇ ಕಳೆದುಕೊಳ್ಳಲು ಹೊರಟವಳು, ಚಿಯೊಕೊ ಕೊನೆಗೆ ತನ್ನನ್ನೇ ಮೆಚ್ಚಿಕೊಳ್ಳುವವಳು. ಇನ್ನೊಂದು ಸಂಗತಿ: ಆ ಜಪಾನೀ ವಾಕ್ಯ ‘ದತ್ತೆ’ ಎಂದು ಶುರುವಾಗುತ್ತದೆ, ಹುಡುಗಿಯೊಬ್ಬಳು ‘ಯಾಕಂದ್ರೆ ಮತ್ತೆ…’ ಎಂದು ಸಮಜಾಯಿಷಿ ಕೊಡುವ ದನಿ ಅದು. ಗ್ರಾಂಥಿಕ ಕನ್ನಡದಲ್ಲಿ ಆ ದನಿ ಸತ್ತುಹೋಗುತ್ತದೆ.

ಲೇಖನ 1200 ಪದ ಮೀರದಿರಲಿ. ಹನ್ನೆರಡು ಜನರಲ್ಲಿ ಆರು ಜನರ ಮಾತು ಸಾಕು, ಒಬ್ಬೊಬ್ಬರದು ನಲವತ್ತು ಪದದೊಳಗೆ. ಹೆಸರು ಹಾಕುವ ಮುಂಚೆ ಒಪ್ಪಿಗೆ ಕೇಳು, ಬೇಡವೆಂದರೆ ವಯಸ್ಸು ಮತ್ತು ಕಸುಬು ಇಷ್ಟೇ ಬರೆ. ಐದಕ್ಕೆ ಇಷ್ಟು ನಕ್ಷತ್ರ ಎಂಬ ಲೆಕ್ಕ ಬೇಡ. ರೈಲಿನ ಬಾಗಿಲಿನಿಂದ ಶುರುಮಾಡು, ಚಿತ್ರಕಾರನ ಮುಖದ ಪ್ರಶ್ನೆಯನ್ನು ನಡುವೆ ಇಡು. ಕೊನೆಯ ಸಾಲಿನ ಚರ್ಚೆಗೆ ಬರುವ ಮುನ್ನ ‘ಚಿತ್ರ ನೋಡದವರು ಇಲ್ಲಿಗೆ ನಿಲ್ಲಿಸಿ’ ಎಂದು ಒಂದು ಸಾಲು ಹಾಕು, ಆ ಮಾತು ಶೀರ್ಷಿಕೆಗೆ ಹೋಗದಂತೆ ಸಂಪಾದಕರಿಗೂ ಹೇಳಿಡು.

ಕರಡಿಗಿಂತ ಮುಂಚೆ ಆ ಕೊನೆಯ ಸಾಲನ್ನು ನೀನು ಮೂರು ರೀತಿಯಲ್ಲಿ ಕನ್ನಡಕ್ಕೆ ತಂದು ನನಗೆ ಕಳಿಸು. ಒಂದಾದರೂ ಆಡುಮಾತಿನಲ್ಲಿರಲಿ. ‘ಯಾಕಂದ್ರೆ, ಅವ್ರ ಹಿಂದೆ ಓಡ್ತಿರೋ ನಾನು ಅಂದ್ರೆ ನಂಗಿಷ್ಟ’ ಎಂಬುದು ಸದ್ಯಕ್ಕೆ ನನ್ನದು. ‘ಅವ್ರ’ ಸರಿಯೋ ‘ಅವನ’ ಸರಿಯೋ ಎಂದು ಇನ್ನೂ ತೀರ್ಮಾನವಾಗಿಲ್ಲ, ನಿನ್ನದು ಬರಲಿ.

ನಿನ್ನ ಅಕ್ಕ