ಎಲ್ಲಿ ಏನಿದೆ ಅಂತ ಬರೆಯುವವಳಿಗೆ

ಕೂಸೇ,

ನಿನ್ನ ಪತ್ರ ಬಂತು. ಊರಿನ ಸುದ್ದಿ ಎಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ, ಅದು ಬಿಡು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಜೊತೆಯವರೆಲ್ಲ ಲ್ಯಾಬಿನಲ್ಲಿ ಡಿಎನ್‌ಎ ಅಂತ ಕೂತಿದ್ದಾರೆ, ನಾನು ಮಾತ್ರ ಯಾವ ಹಳ್ಳದಲ್ಲಿ ಯಾವ ಕಪ್ಪೆ ಅಂತ ಪಟ್ಟಿ ಬರೆಯುವ ಗುಮಾಸ್ತೆ ಆಗಿಬಿಟ್ಟೆ ಅಂತ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ವಯಸ್ಸೂ ಕಾರಣ ಇರಬಹುದು.

ಬ್ರಿಟಿಷ್ ಪ್ರಕೃತಿಶಾಸ್ತ್ರಜ್ಞ ವ್ಯಾಲೇಸ್ ಬಗ್ಗೆ ನಿನಗೆ ನಾನು ಹೇಳಿಕೊಡಬೇಕಿಲ್ಲ. ಡಾರ್ವಿನ್‌ಗೆ ಜೀವವಿಕಾಸದ ತನ್ನ ವಿಚಾರವನ್ನು ಕಾಗದದಲ್ಲಿ ಬರೆದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಅವನು ಹತ್ತಿರ ಆದದ್ದು ಬೇರೆ ಕಾರಣಕ್ಕೆ. ಅವನೂ ನನ್ನ ಹಾಗೆ ಸರ್ವೆಯರ್. ಮನೆಯಲ್ಲಿ ದುಡ್ಡಿಲ್ಲದೆ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು, ಅಣ್ಣನ ಜೊತೆ ಇಂಗ್ಲೆಂಡ್, ವೇಲ್ಸ್ ಕಡೆ ಜಮೀನು ಅಳೆಯುತ್ತಾ ತಿರುಗಿದವನು. ಹದ್ದುಬಸ್ತು ಮಾಡಿ ಅಭ್ಯಾಸ ಆದವನಿಗೆ ಎಲ್ಲಿ ಹೋದರೂ ಗಡಿಯೇ ಕಾಣುತ್ತದೆ, ಅದೊಂದು ಕಾಯಿಲೆ.

ಅವನು 1848ರಲ್ಲಿ ಅಮೆಜಾನ್‌ಗೆ ಹೋದ. ವಾಪಸ್ ಬರುವಾಗ, 1852ರಲ್ಲಿ, ಹಡಗಿಗೆ ಬೆಂಕಿ ಬಿದ್ದು ಸಂಗ್ರಹದ ಜಾಸ್ತಿ ಭಾಗ ಸುಟ್ಟುಹೋಯಿತು. ಆದರೂ ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಅಮೆಜಾನಿನ ಕೋತಿಗಳ ಬಗ್ಗೆ ತಾನು ಬರೆದ ಒಂದು ಲೇಖನವನ್ನು ಸಭೆಯಲ್ಲಿ ಓದಿದ. ಅದರಲ್ಲಿ ಅವನ ತಕರಾರು ಏನು ಗೊತ್ತಾ? ಮ್ಯೂಸಿಯಮ್ಮಿನ ಚೀಟಿಗಳ ಮೇಲೆ ಬರೀ 'ಬ್ರೆಜಿಲ್', 'ಪೆರು', 'ಅಮೆಜಾನ್' ಅಂತ ಬರೆದಿರುತ್ತಾರೆ, ನದಿಯ ಯಾವ ದಡದಲ್ಲಿ ಸಿಕ್ಕಿತು ಅಂತ ಬರೆಯುವುದಿಲ್ಲ! ಅಮೆಜಾನ್, ಮದೀರಾ, ರಿಯೋ ನೀಗ್ರೋ ನದಿಗಳನ್ನು ಎಷ್ಟೋ ಜಾತಿಯ ಕೋತಿ ದಾಟುವುದಿಲ್ಲ ಅಂತ ಅವನು ಕಂಡುಕೊಂಡಿದ್ದ. ಅಲ್ಲಿನ ಬೇಟೆಗಾರರಿಗೆ ಇದು ಮೊದಲೇ ಗೊತ್ತಿತ್ತು, ಇಂಥ ಕೋತಿ ಬೇಕು ಅಂದರೆ ಸೀದಾ ಆಚೆ ದಡಕ್ಕೆ ಹೋಗುತ್ತಿದ್ದರು. ಮ್ಯೂಸಿಯಮ್ಮಿನವರಿಗೆ ಮಾತ್ರ ಗೊತ್ತಿರಲಿಲ್ಲ. ಗುಮಾಸ್ತೆಯ ಕೆಲಸ ಅಂತೀಯಲ್ಲ, ಆ ಕೆಲಸ ಮಾಡುವವರೇ ಅಲ್ಲಿ ಇರಲಿಲ್ಲ.

ನನ್ನ ಸರ್ವೀಸಿನಲ್ಲಿ ಒಬ್ಬ ಮೇಲಧಿಕಾರಿ ಎಲ್ಲರ ಎದುರು, ನೀವು ಸರಪಳಿ ಎಳೆಯುವವರು, ನಿಮಗೇಕೆ ಉಳಿದ ಮಾತು ಅಂದಿದ್ದ. ಆ ಮಾತು ಎಷ್ಟು ಒಳಗೆ ಹೋಯಿತು ಅಂದರೆ, ಬಾಂದುಕಲ್ಲು ಬಿಟ್ಟು ಬೇರೆ ಏನು ಕಂಡರೂ ಅದು ನನಗೆ ಸಂಬಂಧಿಸಿದ್ದಲ್ಲ ಅಂತ ನಡೆದುಬಿಟ್ಟೆ. ಘಟ್ಟದ ಕೆಳಗೆ ನನ್ನ ಜೊತೆ ಇದ್ದ ಹಳೇ ಚೈನ್‌ಮನ್ ಒಬ್ಬ, ಚಿಕ್ಕವನಿದ್ದಾಗ ಸಿಂಗಳೀಕ ಇನ್ನೂ ಉತ್ತರಕ್ಕೆ ಇದ್ದವು ಅನ್ನುತ್ತಿದ್ದ, ಜಾಗ ಕೂಡ ಹೇಳುತ್ತಿದ್ದ. ಈಗ ಅಘನಾಶಿನಿ ಕಣಿವೆಯ ಕಾಡೇ ಅವುಗಳ ಉತ್ತರದ ಕೊನೆ ಅನ್ನುತ್ತಾರೆ, ಅಲ್ವಾ? ಅವನು ಹೇಳಿದ್ದು ಯಾವ ಹಳ್ಳ, ಯಾವ ಊರಿನ ಬೆಟ್ಟ, ನೆನಪಿಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು, ಪುಸ್ತಕ ಇತ್ತು. ಅವನು ತೀರಿಕೊಂಡು ಬಹಳ ವರ್ಷ ಆಯಿತು.

ಹಾಗಾಗಿ ನೀನು ಆ ಮಾತು ಬರೆದಾಗ ಹೆದರಿಕೆ ಆಯಿತು. ನಿನ್ನ ಸಂಶೋಧನೆಯ ಗೈಡ್ ಬಗ್ಗೆ ಅಲ್ಲ, ಆ ಮಾತನ್ನು ನೀನೇ ನಂಬಿಬಿಟ್ಟರೆ ಅಂತ.

ಇಂಡೋನೇಷ್ಯಾದ ಬಾಲಿ, ಲೊಂಬೊಕ್ ದ್ವೀಪಗಳ ವಿಷಯವನ್ನೇ ತೆಗೆದುಕೋ. 1856ರಲ್ಲಿ ವ್ಯಾಲೇಸನಿಗೆ ಹೋಗಬೇಕಿದ್ದದ್ದು ಸುಲವೇಸಿ ದ್ವೀಪದ ಮಕಾಸ್ಸರ್‌ಗೆ, ಸಿಂಗಾಪುರದಿಂದ ನೇರ ಹಡಗು ಸಿಗದೆ ಆ ದಾರಿ ಹಿಡಿದ. ಬಾಲಿಯಲ್ಲಿ ಕಂಡ ಕುಟ್ರುಹಕ್ಕಿ ಲೊಂಬೊಕ್‌ನಲ್ಲಿ ಇಲ್ಲ, ಅಲ್ಲಿ ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಗಿಳಿ. ನಡುವೆ ಇರುವುದು ಒಂದು ಜಲಸಂಧಿ ಅಷ್ಟೇ, ಆದರೆ ಬಹಳ ಆಳ. ಸಮುದ್ರದ ಮಟ್ಟ ಇಳಿದಿದ್ದ ಕಾಲದಲ್ಲಿ ಬಾಲಿ ಜಾವಾಕ್ಕೆ ಸೇರಿಕೊಂಡಿತ್ತು, ಲೊಂಬೊಕ್ ಸೇರಲಿಲ್ಲ. ಅವನು 1863ರ ನಕ್ಷೆಯಲ್ಲಿ, ಈಚೆ ಏಷ್ಯಾದ ಪ್ರಾಣಿಗಳು, ಆಚೆ ಆಸ್ಟ್ರೇಲಿಯಾ ಕಡೆಯವು ಅಂತ ಅಲ್ಲಿ ಗೆರೆ ಎಳೆದ. ಖಂಡಗಳೇ ಸರಿದಾಡುತ್ತವೆ ಅಂತ ಆಗ ಯಾರಿಗೆ ಗೊತ್ತಿತ್ತು? ಭೂಫಲಕಗಳ ಲೆಕ್ಕ ಜನ ಒಪ್ಪಿದ್ದು 1960ರ ದಶಕದಲ್ಲಿ. ಕಾರಣ ಆಮೇಲೆ ಬಂತು, ಎಲ್ಲಿ ಏನಿದೆ ಅನ್ನುವುದು ಮೊದಲು ಬಂತು. ಸುಲವೇಸಿ ದ್ವೀಪವನ್ನು ಯಾವ ಕಡೆ ಹಾಕಬೇಕು ಅಂತ ಅವನಿಗೂ ಬಗೆಹರಿಯದೆ ಕಾಡಿತು. ಗೆರೆಯನ್ನು ಬೇರೆಯವರು ಆಚೆ ಈಚೆ ಸರಿಸಿದ್ದಾರೆ. ಆದರೆ ಕುಟ್ರುಹಕ್ಕಿ ಕಂಡ ಜಾಗವನ್ನು ಸರಿಸೋಕೆ ಯಾರಿಗೂ ಆಗುವುದಿಲ್ಲ.

ಯಾವ ಪ್ರಾಣಿ ಎಲ್ಲಿದೆ ಅಂತ ಅವನು ಬರೆದ 1876ರ ಎರಡು ಸಂಪುಟ ನಿಮ್ಮ ಲೈಬ್ರರಿಯಲ್ಲಿ ಇದ್ದರೆ ಒಮ್ಮೆ ತಿರುವಿ ನೋಡು. ಪ್ರಪಂಚವನ್ನು ಆರು ಭಾಗ ಮಾಡಿದ್ದು (ಹಕ್ಕಿಗಳ ಆಧಾರದ ಮೇಲೆ ಸ್ಕ್ಲೇಟರ್ ಎಂಬ ಪಕ್ಷಿತಜ್ಞ 1858ರಲ್ಲೇ ಮಾಡಿದ್ದನ್ನು ಇವನು ಎಲ್ಲ ಪ್ರಾಣಿಗೂ ಹಿಡಿದು ನೋಡಿದ), ನಮ್ಮ ದಕ್ಷಿಣ ಭಾರತವನ್ನು ಸಿಲೋನ್ ಜೊತೆ ಸೇರಿಸಿದ್ದು, ಎಲ್ಲ ಅದರಲ್ಲೇ ಇದೆ. ಅದೂ ಪುಟಗಟ್ಟಲೆ ಪಟ್ಟಿ ಕಣೇ. ನನಗೆ ಓದಲಾಗಲಿಲ್ಲ, ನಿಜ ಹೇಳುತ್ತೇನೆ. 2013ರಲ್ಲಿ ಅದೇ ನಕ್ಷೆಯನ್ನು ಹೊಸದಾಗಿ ಮಾಡಿದರಲ್ಲ, ಕಪ್ಪೆ, ಹಕ್ಕಿ, ಸಸ್ತನಿ ಎಲ್ಲ ಸೇರಿ 20 ಸಾವಿರಕ್ಕೂ ಜಾಸ್ತಿ ಜಾತಿ ಇಟ್ಟುಕೊಂಡು. ಡಿಎನ್‌ಎ ಇತ್ತು, ಸರಿ. ಆದರೆ ಯಾವ ಜಾತಿ ಎಲ್ಲಿದೆ ಅಂತ ಯಾರೋ ಹಳ್ಳಕ್ಕೆ ಇಳಿದು ಬರೆಯದೇ ಇದ್ದರೆ ಆ ಡಿಎನ್‌ಎಯನ್ನು ನಕ್ಷೆಯ ಮೇಲೆ ಎಲ್ಲಿ ಇಡುತ್ತಿದ್ದರು?

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ನಿನ್ನ ಕೈಯಲ್ಲಿ ಜಿಪಿಎಸ್ ಇದೆ. ಆದರೂ, ಹಳ್ಳದ ಯಾವ ದಡ ಅಂತ ಬರೆ. ಊರವರು ಆ ಜಾಗಕ್ಕೆ ಕರೆಯುವ ಹೆಸರನ್ನೂ ಬರೆ. ಹುಡುಕಿ ಸಿಗದಿದ್ದರೆ ಸಿಗಲಿಲ್ಲ ಅಂತಲೂ ಬರೆಯುತ್ತೀಯಾ? ಬರೆಯುತ್ತೀಯೇನೋ, ಸುಮ್ನೆ ಕೇಳಿದೆ. ಬರೆದದ್ದರ ಒಂದು ಪ್ರತಿ ಇನ್ನೊಂದು ಕಡೆ ಇರಲಿ, ಹಡಗಿಗೇ ಬೆಂಕಿ ಬೀಳಬೇಕಂತಿಲ್ಲ, ಲ್ಯಾಪ್‌ಟಾಪ್ ನೀರಿಗೆ ಬಿದ್ದರೂ ಸಾಕು. ಮತ್ತೆ ಕಾಡಿನಲ್ಲಿ ನಿನಗೆ ದಾರಿ ತೋರಿಸುವವರ ಹೆಸರನ್ನೂ ಬರೆ. ಬೋರ್ನಿಯೋ ದ್ವೀಪದ ಸರವಾಕ್‌ನ ಅಲಿ ಅಂತ ಒಬ್ಬ ಹುಡುಗ ವರ್ಷಗಟ್ಟಲೆ ವ್ಯಾಲೇಸ್ ಜೊತೆ ಇದ್ದ. ಬಚಾನ್ ದ್ವೀಪದಲ್ಲಿ ಯಾರೂ ವಿವರಿಸಿರದ ಸ್ವರ್ಗದ ಹಕ್ಕಿಯನ್ನು ಮೊದಲು ಹೊಡೆದು ತಂದವನು ಅಲಿ, ಹಕ್ಕಿಗೆ ಬಿದ್ದದ್ದು ವ್ಯಾಲೇಸ್ ಹೆಸರು. ಪುಣ್ಯಕ್ಕೆ ಅಲಿಯ ಹೆಸರನ್ನು ಅವನು ಬರೆದಿಟ್ಟ, ನನ್ನ ಚೈನ್‌ಮನ್ ಹೆಸರು ಯಾವ ಕಾಗದದಲ್ಲೂ ಇಲ್ಲ.

ನನ್ನ ಟ್ರಂಕಿನಲ್ಲಿ ನಾನೇ ತೆಗೆದ ಕೆಲವು ಗ್ರಾಮನಕ್ಷೆಗಳ ಟ್ರೇಸಿಂಗ್ ಇದೆ. ಹಳ್ಳಗಳ ಹಳೇ ಹೆಸರು ಅದರಲ್ಲಿವೆ, ಎಷ್ಟೋ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ. ಒಂದಿಷ್ಟು ಗೆದ್ದಲು ತಿಂದಿದೆ. ನಿನಗೆ ಉಪಯೋಗ ಆಗುತ್ತದೆ ಅಂದರೆ ಹೇಳು, ಬಸ್ಸಿನಲ್ಲಿ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ