ಜೀವಕೋಶಗಳ ಪೆಟ್ಟಿಗೆಗೆ ಮೀನಿನ ಐಸ್ ತುಂಬಿದ ಬಗ್ಗೆ ದೂರು

ಮಂಗಳೂರು
20 ಆಗಸ್ಟ್ 2025

ಇವರಿಗೆ,
ಪ್ರಾದೇಶಿಕ ವ್ಯವಸ್ಥಾಪಕರು,
ಶೀತ ಸಾಗಣೆ ವಿಭಾಗ

ವಿಷಯ: ಆಗಸ್ಟ್ 8ರಂದು ಬೆಂಗಳೂರಿನಿಂದ ಡ್ರೈ ಐಸ್‌ನಲ್ಲಿಟ್ಟು ಕಳುಹಿಸಿದ ಜೀವಕೋಶಗಳು ಹಾಳಾಗಿರುವುದು ಮತ್ತು ತಮ್ಮ ಗ್ರಾಹಕ ಸೇವಾ ವಿಭಾಗದ ಉತ್ತರವನ್ನು ನಾವು ಒಪ್ಪದಿರುವುದು.

ಮಾನ್ಯರೇ,

ಇದೇ ವಿಷಯವಾಗಿ ನಾನು ಬರೆಯುತ್ತಿರುವ ಮೂರನೆಯ ಪತ್ರವಿದು. ಹಿಂದಿನ ಎರಡು ಇ-ಮೇಲ್‌ಗಳಿಗೂ ಬಂದ ಉತ್ತರ ಒಂದೇ: “ಪೆಟ್ಟಿಗೆಯ ಸೀಲ್ ಒಡೆದಿಲ್ಲ, ಸಾಮಗ್ರಿ ಪೂರ್ತಿಯಾಗಿ ತಲುಪಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ.” ಜತೆಗೆ ಸೌಜನ್ಯಕ್ಕೆಂದು 500 ರೂಪಾಯಿ ಕೊಡುವ ಮಾತು. ದೂರು ನಮ್ಮ ಕಡೆಯಿಂದ ಮುಕ್ತಾಯವಾಗಿಲ್ಲ. ಈ ಸಲ ಉದ್ದವಾಗಿಯೇ ಬರೆಯುತ್ತಿದ್ದೇನೆ. ಆ ಪೆಟ್ಟಿಗೆಯಲ್ಲಿ ಇದ್ದದ್ದೇನು ಎಂಬುದು ತಮ್ಮಲ್ಲಿ ಯಾರಿಗೂ ಗೊತ್ತಿಲ್ಲವೆಂದು ಈ ಒಂಬತ್ತು ದಿನಗಳಲ್ಲಿ ನನಗೆ ಮನದಟ್ಟಾಗಿದೆ.

ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ತಮ್ಮ ವಾಹನಕ್ಕೆ ಹತ್ತಿದ್ದು ಆರು ಪುಟ್ಟ ಪ್ಲಾಸ್ಟಿಕ್ ಟ್ಯೂಬ್‌ಗಳು. ಒಂದೊಂದರಲ್ಲಿ ಒಂದು ಮಿಲಿಲೀಟರ್ ದ್ರವ, ಅದರೊಳಗೆ ಸುಮಾರು ಹತ್ತು ಲಕ್ಷ ಜೀವಕೋಶಗಳು. ಸುತ್ತಲೂ ಹತ್ತು ಕಿಲೋ ಡ್ರೈ ಐಸ್. ಥರ್ಮಾಕೋಲ್ ಪೆಟ್ಟಿಗೆಯ ನಾಲ್ಕೂ ಬದಿಗೆ “ಮೈನಸ್ 70 ಡಿಗ್ರಿಗಿಂತ ಕೆಳಗೆ ಇರಲಿ, ಪ್ರತಿದಿನ ಡ್ರೈ ಐಸ್ ತುಂಬಿ” ಎಂಬ ಚೀಟಿ. ಇದಕ್ಕೆಂದೇ ತಾವು ಮಾಮೂಲಿ ಪಾರ್ಸೆಲ್ಲಿಗಿಂತ ಹಲವು ಪಟ್ಟು ಹೆಚ್ಚು, 6,800 ರೂಪಾಯಿ ತೆಗೆದುಕೊಂಡಿದ್ದೀರಿ. ಶನಿವಾರ ಬೆಳಗ್ಗೆ ತಲುಪಬೇಕಿದ್ದ ಪೆಟ್ಟಿಗೆ ಶಿರಾಡಿ ಘಾಟಿಯಲ್ಲಿ ಸಿಕ್ಕಿಹಾಕಿಕೊಂಡು ಸಂಜೆ ಏಳಕ್ಕೆ ತಮ್ಮ ಇಲ್ಲಿಯ ಗೋದಾಮಿಗೆ ಬಂತು. ಮಳೆಗಾಲದಲ್ಲಿ ಶಿರಾಡಿ ಹೇಗಿರುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ಹೊಸದಲ್ಲ, ಅದನ್ನು ನಾನು ತಪ್ಪೆಂದು ಹೇಳುತ್ತಿಲ್ಲ. ಹನ್ನೆರಡು ಗಂಟೆ ತಡವಾಗಿದ್ದರೂ ಆಗ ಒಳಗೆ ಎಲ್ಲವೂ ಸರಿಯಾಗಿಯೇ ಇತ್ತು. ನಾನೇ ಬಂದು ಒಯ್ಯುತ್ತೇನೆಂದು ಫೋನ್ ಮಾಡಿದೆ. ಗೋದಾಮು ಮುಚ್ಚಿದೆ, ಭಾನುವಾರ ರಜೆ, ಸೋಮವಾರವೇ ಬರುತ್ತದೆ ಎಂದರು. ಹಾಗಾದರೆ ಡ್ರೈ ಐಸ್ ತುಂಬಿಸಿಡಿ ಎಂದೆ. ಆಗಲಿ ಎಂದರು.

ಪೆಟ್ಟಿಗೆಯೊಳಗೆ ಉಷ್ಣತೆ ದಾಖಲಿಸುವ ಸಣ್ಣದೊಂದು ಉಪಕರಣ ಇತ್ತು. ಅದು ತಮಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಶನಿವಾರ ಸಂಜೆ ಏಳಕ್ಕೆ ಮೈನಸ್ 74. ಭಾನುವಾರ ಮಧ್ಯಾಹ್ನ ಮೈನಸ್ 61. ಅದೇ ರಾತ್ರಿ ಒಂಬತ್ತಕ್ಕೆ ಮೈನಸ್ 18. ಸೋಮವಾರ ಬೆಳಗ್ಗೆ ಐದಕ್ಕೆ ಪ್ಲಸ್ 3, ಒಂಬತ್ತಕ್ಕೆ 14. ಇಲ್ಲಿಂದ ಮುಂದಿನದು ಸ್ವಾರಸ್ಯವಾಗಿದೆ: ಹತ್ತರ ಹೊತ್ತಿಗೆ ಉಷ್ಣತೆ ಧಡಕ್ಕನೆ 1 ಡಿಗ್ರಿಗೆ ಇಳಿದು, ಮತ್ತೆ ಅಲ್ಲಿಂದ ಅಲುಗಾಡಿಲ್ಲ.

ಏಕೆ ಇಳಿಯಿತೆಂಬುದು ಮಧ್ಯಾಹ್ನ ಪೆಟ್ಟಿಗೆ ತೆರೆದಾಗ ತಿಳಿಯಿತು. ಒಳಗೆ ಅರ್ಧದಷ್ಟು ನೀರು, ಅದರಲ್ಲಿ ತೇಲುವ ಐಸ್ ಚೂರುಗಳು, ಅವುಗಳ ನಡುವೆ ನಮ್ಮ ಆರು ಟ್ಯೂಬ್‌ಗಳು. ಎರಡರ ಮೇಲಿನ ಬರಹ ಅಳಿಸಿಹೋಗಿತ್ತು. ಮೀನು ಇಳಿಸುವ ದಕ್ಕೆಯ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಒಂದು ಟ್ಯೂಬಿನ ಮುಚ್ಚಳಕ್ಕೆ ಬೆಳ್ಳಿಯಂತೆ ಹೊಳೆಯುವ ಒಂದು ಹುರುಪೆ ಅಂಟಿಕೊಂಡಿತ್ತು. ಬೂತಾಯಿ ಮೀನಿನದೇ ಇರಬೇಕು, ನಮ್ಮ ಅಡುಗೆಮನೆಯ ಅನುಭವದಿಂದ ಹೇಳುತ್ತಿದ್ದೇನೆ. ಪೆಟ್ಟಿಗೆ ತಂದ ಹುಡುಗ ಏನನ್ನೂ ಮುಚ್ಚಿಡಲಿಲ್ಲ. “ಒಳಗಿನ ಐಸ್ ಎಲ್ಲ ಮಾಯವಾಗಿತ್ತು ಮೇಡಂ, ಒಂದು ಹನಿ ನೀರೂ ಇರಲಿಲ್ಲ. ಬಂದರಿನಲ್ಲಿ ನಮ್ಮ ಮಾವನ ಗಾಡಿಯಿಂದ ಐಸ್ ಹಾಕಿಸಿಕೊಂಡು ಬಂದೆ” ಎಂದ. ಪಾಪ, ತನ್ನ ಕೈಯಿಂದಾದ ಉಪಕಾರ ಮಾಡಿದ್ದಾನೆ. ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿಯದು, ಕರಗಿ ನೀರಾಗುವುದಿಲ್ಲ, ನೇರವಾಗಿ ಗಾಳಿಯಾಗಿ ಹೋಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಂತಹ ಪೆಟ್ಟಿಗೆಯಲ್ಲಿ ದಿನಕ್ಕೆ ಎರಡರಿಂದ ಐದು ಕಿಲೋ ಹೀಗೆ ಹೋಗುತ್ತದೆ. ದಿನಕ್ಕೆ ಐದರಂತೆ ಲೆಕ್ಕ ಹಾಕಿದರೆ ಭಾನುವಾರ ರಾತ್ರಿಗೆ ಸರಿಯಾಗಿ ಖಾಲಿ. ಅವನನ್ನು ಕೆಲಸದಿಂದ ತೆಗೆಯಬೇಡಿ. ಎರಡು ದಿನ ಆ ಪೆಟ್ಟಿಗೆಯ ಬಗ್ಗೆ ಯೋಚಿಸಿದ ತಮ್ಮ ಏಕೈಕ ನೌಕರ ಅವನು.

ಆದರೆ ಪೆಟ್ಟಿಗೆಯ ಸೀಲ್ ಒಡೆದಿಲ್ಲವೆಂದು ತಮ್ಮ ಕಚೇರಿ ಬರೆಯುವುದು ಹೇಗೆ? ಸೀಲ್ ಒಡೆಯದೆ ಒಳಗೆ ಬೂತಾಯಿಯ ಹುರುಪೆ ಹೋದದ್ದು ಹೇಗೆ?

ಆ ದಿನವೇ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಅರ್ಜಿಯಲ್ಲಿ “ಪ್ರೋಟೀನ್ ಸಂಶೋಧನೆಯ ಮಾದರಿ” ಎಂದು ಬರೆದದ್ದನ್ನು ಓದಿಕೊಂಡ ಆ ಕಡೆಯವರು, “ಪ್ರೋಟೀನ್ ಪೌಡರ್‌ಗೆ ಎರಡು ವರ್ಷ ಅವಧಿ ಇರುತ್ತದಲ್ಲ ಮೇಡಂ, ಎರಡು ದಿನದಲ್ಲಿ ಏನಾಗುತ್ತದೆ?” ಎಂದು ಕೇಳಿದರು. ನಗು ಬಂತು, ಸಿಟ್ಟೂ ಬಂತು. ಆ ಪ್ರಶ್ನೆಗೆ ಅಂದು ಉತ್ತರಿಸಲಿಲ್ಲ, ಇಲ್ಲಿ ಉತ್ತರಿಸುತ್ತೇನೆ.

ಡಬ್ಬಿಯ ಪುಡಿಗೂ ನಮ್ಮ ಟ್ಯೂಬಿಗೂ ಇರುವ ವ್ಯತ್ಯಾಸ ಆಕಾರದ್ದು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರ. ಹೆಚ್ಚಿನ ಪ್ರೋಟೀನ್‌ಗಳು ತಮ್ಮದೇ ಒಂದು ರೀತಿಯಲ್ಲಿ ಮಡಚಿಕೊಂಡು ನಿಂತಾಗಲೇ ಕೆಲಸಕ್ಕೆ ಬರುತ್ತವೆ. ತಿನ್ನುವ ಪ್ರೋಟೀನಿಗೆ ಆ ಚಿಂತೆ ಇಲ್ಲ, ಹೊಟ್ಟೆ ಹೇಗೂ ಅದನ್ನು ಚೂರು ಚೂರು ಮಾಡುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಯೂ ಪ್ರೋಟೀನೇ, ತಿಂದರೆ ಮೈಗೆ ಹಿಡಿಯುತ್ತದೆ, ಆದರೆ ಆ ಮೊಟ್ಟೆಯಿಂದ ಮರಿ ಹೊರಬರುವುದಿಲ್ಲ. ನಾವು ತರಿಸಿದ್ದು ಮರಿಯಾಗಬಲ್ಲ ಮೊಟ್ಟೆಯನ್ನು, ತಾವು ಕೊಟ್ಟದ್ದು ಬೇಯಿಸಿದ್ದನ್ನು.

ಇನ್ನೂ ಮುಖ್ಯವಾದ ಮಾತಿದೆ. ಕೆಲವು ಪ್ರೋಟೀನ್‌ಗಳು ಏನು ಮಾಡುತ್ತವೆ ಎಂಬುದು ಅವು ಬದುಕಿರುವ ಕೋಶದೊಳಗೆ ಇರುವಾಗ ಮಾತ್ರ ಕಾಣುತ್ತದೆ. ನಾವು ನೋಡಹೊರಟಿರುವ ಪ್ರೋಟೀನಿನ ಹೆಸರು ಪಿ53. 1979ರಲ್ಲಿ ಪತ್ತೆಯಾದದ್ದು. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದರೆ ಇದರ ಪ್ರಮಾಣ ಏರುತ್ತದೆ, ಏರಿದ ಪಿ53 ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ, ಆ ಎಂಡಿಎಂ2 ತಿರುಗಿ ಪಿ53ನ್ನೇ ನಾಶಕ್ಕೆ ತಳ್ಳುತ್ತದೆ. ಪಿ53 ಇಳಿಯುತ್ತದೆ. ಪೆಟ್ಟು ಇನ್ನೂ ವಾಸಿಯಾಗದಿದ್ದರೆ ಮತ್ತೆ ಏರುತ್ತದೆ. ಹಿಂದೆಲ್ಲ ಲಕ್ಷಗಟ್ಟಲೆ ಕೋಶಗಳನ್ನು ಅರೆದು, ರಸ ತೆಗೆದು, ಅದರಲ್ಲಿ ಪಿ53 ಎಷ್ಟಿದೆ ಎಂದು ಅಳೆಯುತ್ತಿದ್ದರು. ಏರಿ ನಿಧಾನವಾಗಿ ಮಂಕಾಗುವ ಒಂದು ಗೆರೆ ಸಿಗುತ್ತಿತ್ತು. 2004ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಗಲಿತ್ ಲಹಾವ್, ಉರಿ ಅಲೋನ್ ಮತ್ತು ಸಂಗಡಿಗರು ಹೊಳೆಯುವ ಇನ್ನೊಂದು ಪ್ರೋಟೀನನ್ನು ಬಾಲದಂತೆ ಕಟ್ಟಿದ ಪಿ53ನ್ನು ಜೀವಂತ ಕೋಶಗಳಲ್ಲಿ, ಒಂದೊಂದಾಗಿ, ಗಂಟೆಗಟ್ಟಲೆ ನೋಡಿದರು. ಮಂಕಾಗುವುದು ಸುಳ್ಳಾಗಿತ್ತು. ಒಂಟಿ ಕೋಶಗಳಲ್ಲಿ ಪಿ53 ಬಡಿತ ಬಡಿತವಾಗಿ ಏಳುತ್ತಿತ್ತು, ಕೆಲವು ಗಂಟೆಗಳಿಗೊಂದು ಬಡಿತ. ಪೆಟ್ಟು ಜೋರಾದಷ್ಟೂ ಹೆಚ್ಚುತ್ತಿದ್ದದ್ದು ಬಡಿತದ ಎತ್ತರವಲ್ಲ, ಹೆಚ್ಚು ಬಡಿತ ತೋರುವ ಕೋಶಗಳ ಸಂಖ್ಯೆ. ಹತ್ತು ಮೇಳಗಳ ಚೆಂಡೆಯವರು ತಮ್ಮ ತಮ್ಮ ತಾಳಕ್ಕೆ ಒಂದೇ ಗದ್ದೆಯಲ್ಲಿ ನಿಂತು ಬಾರಿಸಿದರೆ ದೂರಕ್ಕೆ ಗದ್ದಲವಷ್ಟೇ ಕೇಳುತ್ತದೆ. ಒಬ್ಬನ ಪಕ್ಕಕ್ಕೆ ಹೋಗಿ ನಿಂತರೆ ತಾಳ ಕೇಳುತ್ತದೆ. ಅಷ್ಟೇ ವಿಷಯ. ಸತ್ತ ಕೋಶದ ಪಕ್ಕ ನಿಂತು ಕೇಳುವುದು ಏನನ್ನು?

ನಮ್ಮ ಸಂಶೋಧನಾ ವಿದ್ಯಾರ್ಥಿನಿ ಐದು ತಿಂಗಳು ಬೆಂಗಳೂರಿನಲ್ಲಿದ್ದು ತಯಾರಿಸಿದ ಕೋಶಗಳಿವು. ಮೂಲದಲ್ಲಿ ಇವು ಎಂಸಿಎಫ್-7 ಎಂಬ ಬಳಗದವು, ಮಿಷಿಗನ್‌ನ ಒಬ್ಬ ಕ್ರೈಸ್ತ ಸನ್ಯಾಸಿನಿಯ ಸ್ತನ ಕ್ಯಾನ್ಸರ್‌ನಿಂದ ಬಂದು 1973ರಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವವು. ಅವುಗಳಿಗೆ ಹಸಿರು ಬಾಲದ ಪಿ53ರ ವಂಶವಾಹಿಯನ್ನು ಸೇರಿಸಿ, ಸರಿಯಾಗಿ ಹೊಳೆಯುವ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಬೆಳೆಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಹೆಪ್ಪುಗಟ್ಟಿಸಿದ್ದಳು. ನಮ್ಮಲ್ಲಿ ಒಂದು ನೇಮವಿದೆ: ಹೆಪ್ಪುಗಟ್ಟಿಸುವುದು ನಿಧಾನ, ಕರಗಿಸುವುದು ಬೇಗ. 37 ಡಿಗ್ರಿಯ ನೀರಿನಲ್ಲಿ ಒಂದೆರಡು ನಿಮಿಷದೊಳಗೆ ಕರಗಿಸಿ, ಕೂಡಲೇ ತೊಳೆಯಬೇಕು. ನಿಧಾನವಾಗಿ ಕರಗಿದರೆ ಒಳಗಿನ ಹಿಮದ ಹರಳುಗಳು ದೊಡ್ಡದಾಗಿ ಬೆಳೆದು ಕೋಶದ ಪೊರೆಯನ್ನು ಹರಿಯುತ್ತವೆ. ರಕ್ಷಣೆಗೆಂದು ಬೆರೆಸಿದ ಡಿಎಂಎಸ್‌ಒ ಎಂಬ ದ್ರವವೇ, ಕರಗಿದ ಮೇಲೆ ಗಂಟೆಗಟ್ಟಲೆ ಉಳಿದರೆ, ವಿಷವಾಗುತ್ತದೆ. ತಮ್ಮ ಗೋದಾಮಿನಲ್ಲಿ ಭಾನುವಾರ ರಾತ್ರಿಯಿಡೀ ನಡೆದದ್ದು ಇದೇ.

ಒಂದು ವಿಷಯವನ್ನು ನಾನಾಗಿಯೇ ಹೇಳುತ್ತೇನೆ, ನಾಳೆ ತಾವು ಕೇಳುವ ಮೊದಲು. ಸೂಕ್ಷ್ಮದರ್ಶಕದಡಿ ಇಟ್ಟಾಗ ಅಲ್ಲಲ್ಲಿ ಹಸಿರು ಹೊಳಪು ಕಂಡದ್ದು ನಿಜ. ಆ ಹಸಿರು ಪ್ರೋಟೀನ್ ಬಲು ಗಟ್ಟಿ ಪಿಂಡ. ಹನ್ನೊಂದು ಪಟ್ಟಿಗಳನ್ನು ಜೋಡಿಸಿದ ಪೀಪಾಯಿಯಂತಹ ಆಕಾರ, ಅದರ ನಡುವೆ ಬೆಳಕು ಕೊಡುವ ಭಾಗ ಬೆಚ್ಚಗೆ ಕುಳಿತಿರುತ್ತದೆ. ಒಸಾಮು ಶಿಮೊಮುರಾ 1962ರಲ್ಲಿ ಇದನ್ನು ಬೇರ್ಪಡಿಸಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಲೋಳೆಮೀನಿನಿಂದ, 2008ರ ನೊಬೆಲ್ ಬಂದದ್ದೂ ಇದಕ್ಕೇ. (ಪೆಟ್ಟಿಗೆಯಲ್ಲಿ ಮೀನಿನದೇನೋ ಇದೆ ಎಂದು ತಮ್ಮವರು ಭಾವಿಸಿದ್ದರೆ ಹೆಸರಿನ ಮಟ್ಟಿಗೆ ಪೂರ್ತಿ ತಪ್ಪಲ್ಲ.) ಮನೆ ಉರುಳಿದ ಮೇಲೂ ಉರಿಯುತ್ತಿರುವ ಬಲ್ಬಿನ ಹಾಗೆ ಅದು ಸ್ವಲ್ಪ ಹೊತ್ತು ಹೊಳೆದಿದೆ. ಆದರೆ ಕೋಶಕೇಂದ್ರದೊಳಗೆ ದುಂಡಗೆ ಕಾಣಬೇಕಿದ್ದ ಹಸಿರು ಹೊರಗೆ ಸೋರಿ ಕಲೆಯಂತೆ ಹರಡಿತ್ತು. ಸತ್ತ ಕೋಶಗಳು ಮಾತ್ರ ಹೀರಿಕೊಳ್ಳುವ ಟ್ರಿಪಾನ್ ನೀಲಿ ಬಣ್ಣ ಹಾಕಿ 200 ಕೋಶಗಳನ್ನು ಎಣಿಸಿದೆವು. 194 ನೀಲಿಯಾಗಿದ್ದವು. ಉಳಿದ ಆರಾದರೂ ಬದುಕಲಿ ಎಂದು 37 ಡಿಗ್ರಿಯಲ್ಲಿಟ್ಟು ಆರು ದಿನ ಕಾದೆವು. ತಟ್ಟೆಯ ತಳಕ್ಕೆ ಒಂದೂ ಅಂಟಿಕೊಳ್ಳಲಿಲ್ಲ. ಹುಡುಗಿ ದಿನಕ್ಕೆ ಮೂರು ಸಲ ತಟ್ಟೆ ಎತ್ತಿ ನೋಡುತ್ತಿದ್ದಳು, ಏಳನೆಯ ದಿನ ತಾನೇ ತೊಳೆಯುವ ತೊಟ್ಟಿಗೆ ಹಾಕಿದಳು.

ಅದೇ ಪೆಟ್ಟಿಗೆಯಲ್ಲಿ ಈ ಆರಲ್ಲದೆ ಒಂದು ಟ್ಯೂಬ್ ಪ್ರತಿಕಾಯವೂ (ಬೇಕಾದ ಪ್ರೋಟೀನನ್ನು ಗುರುತಿಸಿ ಹಿಡಿಯುವಂಥದ್ದು) ಇತ್ತು. ಅದು ಪರೀಕ್ಷೆಯಲ್ಲಿ ಸರಿಯಾಗಿಯೇ ಕೆಲಸ ಮಾಡಿದೆ, ಆದ್ದರಿಂದ ಅದರ ಬೆಲೆಯನ್ನು ನಾನು ಕೇಳುತ್ತಿಲ್ಲ.

ಇನ್ನು ತಮ್ಮ 500 ರೂಪಾಯಿ. ಕಾಗದಪತ್ರದ ಪ್ರಕಾರ ಅದು ಸಾಮಗ್ರಿಯ ತೂಕದ ಲೆಕ್ಕವಂತೆ. ಪಿ53ರ ಹೆಸರಿನಲ್ಲಿರುವ 53 ಕೂಡ ತೂಕವೇ, 53 ಸಾವಿರ ಡಾಲ್ಟನ್ (ಅಣುಗಳನ್ನು ತೂಗುವ ಮಾನ) ಎಂದು ಅಂದಾಜಿಸಿ ಇಟ್ಟದ್ದು. ಪ್ರೋಟೀನ್‌ಗಳನ್ನು ತೂಕದಂತೆ ಬೇರ್ಪಡಿಸುವ ಜೆಲ್ ಮೇಲೆ ಅದು ನಿಧಾನವಾಗಿ ಸಾಗಿದ್ದರಿಂದ ಭಾರವೆಂದುಕೊಂಡರು. ನಿಜವಾದ ತೂಕ ಸುಮಾರು 44 ಸಾವಿರ. ತೂಕ ನೋಡಿ ಹೆಸರಿಟ್ಟ ವಿಜ್ಞಾನಿಗಳೇ ಎಡವಿದ್ದಾರೆ, ಆರು ಮಿಲಿಲೀಟರ್ ದ್ರವವನ್ನು ತೂಗಿ ಐದು ತಿಂಗಳ ದುಡಿಮೆಗೆ ಬೆಲೆ ಕಟ್ಟಿದ ತಮ್ಮ ಗುಮಾಸ್ತರನ್ನು ಏನೆನ್ನಲಿ!

ನಾವು ಕೇಳುವುದು ಹೆಚ್ಚೇನಿಲ್ಲ. ಸಾಗಣೆಗೆ ಕೊಟ್ಟ 6,800 ರೂಪಾಯಿ ಹಿಂದಕ್ಕೆ ಬರಬೇಕು. ಕೋಶಗಳ ಚಿತ್ರ ತೆಗೆಯಲು ಬೇರೊಂದು ಸಂಸ್ಥೆಯಲ್ಲಿ ಮೂರು ದಿನಕ್ಕೆ ಕಾದಿರಿಸಿದ್ದ ಸೂಕ್ಷ್ಮದರ್ಶಕದ ಶುಲ್ಕ 18,000 ರೂಪಾಯಿ ವ್ಯರ್ಥವಾಯಿತು, ಅದನ್ನೂ ತಾವೇ ಭರಿಸಬೇಕು, ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ಬೆಂಗಳೂರಿನಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇನ್ನೆರಡು ಟ್ಯೂಬ್ ಉಳಿದಿರುವುದು ನಮ್ಮ ಪುಣ್ಯ. ಅವುಗಳಿಂದ ಮತ್ತೆ ಬೆಳೆಸಿ ಅಕ್ಟೋಬರ್‌ನಲ್ಲಿ ಕಳುಹಿಸುತ್ತಾರೆ. ಅದನ್ನು ತಾವು ಉಚಿತವಾಗಿ ತರಬೇಕು, ಸೋಮವಾರ ಅಥವಾ ಮಂಗಳವಾರ ಹೊರಡಿಸಬೇಕು, ವಾರದ ಕೊನೆಗೆ ಬೇಡವೇ ಬೇಡ. ಗೋದಾಮಿನಲ್ಲಿ ಡ್ರೈ ಐಸ್ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಬೇರೆ ದಾರಿಯಿದ್ದಿದ್ದರೆ ನಾವೇ ಕಾರಿನಲ್ಲಿಟ್ಟು ತರುತ್ತಿದ್ದೆವು, ಆದರೆ ಕಿಟಕಿ ಮುಚ್ಚಿದ ಕಾರಿನಲ್ಲಿ ಹತ್ತು ಕಿಲೋ ಡ್ರೈ ಐಸ್ ಜತೆ ಕುಳಿತರೆ ಚಾಲಕನಿಗೇ ಉಸಿರುಕಟ್ಟುತ್ತದೆ. ಪೆಟ್ಟಿಗೆಯ ಮೇಲಿನ ಸೂಚನೆ ಇಂಗ್ಲಿಷ್‌ನಲ್ಲಿ ಮಾತ್ರ ಇದ್ದದ್ದು ಕಳುಹಿಸಿದವರ ತಪ್ಪು, ಅದನ್ನು ಒಪ್ಪುತ್ತೇನೆ. ಮುಂದಿನ ಸಲ ಕನ್ನಡದಲ್ಲಿಯೂ ದಪ್ಪ ಅಕ್ಷರದಲ್ಲಿ ಬರೆಸುತ್ತೇವೆ.

ಹದಿನೈದು ದಿನಗಳೊಳಗೆ, ಗ್ರಾಹಕ ಸೇವೆಯ ಸಿದ್ಧ ಸಾಲುಗಳಲ್ಲದ, ಯಾರಾದರೂ ಓದಿ ಸಹಿ ಮಾಡಿದ ಉತ್ತರ ಬರಲಿ. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇವೆ. ಉಷ್ಣತೆಯ ದಾಖಲೆ, ತೆರೆದ ಪೆಟ್ಟಿಗೆಯ ಫೋಟೋಗಳು ಮತ್ತು ಕೋಶ ಎಣಿಕೆಯ ಪುಟ ಇದರೊಂದಿಗಿವೆ. ಕರಗಿಸದೆ ಉಳಿಸಿದ ನಾಲ್ಕು ಟ್ಯೂಬ್‌ಗಳು (ಕರಗಿಸಲು ಉಳಿದದ್ದಾದರೂ ಏನಿತ್ತು!) ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ಫ್ರೀಜರ್‌ನಲ್ಲಿರುತ್ತವೆ, ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ಬಂದು ನೋಡಬಹುದು. ಬೂತಾಯಿಯ ಹುರುಪೆಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾರೀಕು ಬರೆದು, ಪಕ್ಕದಲ್ಲೇ ಇಟ್ಟಿದ್ದೇವೆ.

ಇಂತಿ,
ಪ್ರಯೋಗಾಲಯದ ಉಸ್ತುವಾರಿ ಅಧ್ಯಾಪಕಿ,
ಜೀವವಿಜ್ಞಾನ ವಿಭಾಗ